ಗಟಾರದಲ್ಲಿ ಸಿಗುವ ನೂಲು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಯಮನೂರಪ್ಪ ಗಟಾರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಉದ್ದನೆಯ ಕಬ್ಬಿಣದ ಕೊಕ್ಕೆಯನ್ನು ಹಾಸುಗಲ್ಲಿನ ಕೆಳಗೆ ತೂರಿಸಿ ಎಳೆಯುತ್ತಾರೆ. ಮೊದಲು ಕೆಸರು ಬರುತ್ತದೆ, ಆಮೇಲೆ ಗುಟ್ಕಾ ಚೀಟಿ, ಹಾಲಿನ ಪಾಕೀಟು, ಕೊನೆಗೆ ಇವೆಲ್ಲವನ್ನೂ ಒಂದಕ್ಕೊಂದು ಕಟ್ಟಿಹಾಕಿದ ನೂಲು. ಕೆಂಪು, ಹಸಿರು, ನಡುವೆ ಒಂದೆರಡು ಎಳೆ ರೇಷ್ಮೆ.

“ಬರೇ ಪ್ಲಾಸ್ಟಿಕ್ ಇದ್ರ ನೀರ ದೂಡಕೊಂಡ ಹೋಗತೈತ್ರಿ. ನೂಲ ಕೂಡತಂದ್ರ ಗಂಟ ಬೀಳತೈತಿ. ಗಂಟ ಬಿದ್ದಲ್ಲೆ ನೀರ ನಿಂತಂಗ,” ಎನ್ನುತ್ತಾರೆ.

ಇವರು ಪುರಸಭೆಯ ಹೊರಗುತ್ತಿಗೆ ಪೌರಕಾರ್ಮಿಕ. ವಯಸ್ಸು ಐವತ್ತರ ಆಸುಪಾಸು. ಗುಡ್ಡದ ಮೇಲೆ ಬಿದ್ದ ಮಳೆ ಕೋಟೆಯ ಬುಡದಿಂದ ಇಳಿದು ಸೀದಾ ಈ ಓಣಿಗೇ ಬರುತ್ತದೆ; ಊರಾಚೆಯ ಹಳ್ಳ ಸೇರುವತನಕ ಅದಕ್ಕೆ ದಾರಿ ಬಿಡಿಸಿ ಕೊಡುವುದು ಇವರ ಪಾಲಿನ ಕೆಲಸ. ಬೇರೆ ಕಡೆ ಗಟಾರ ಉಕ್ಕಿದರೆ ನೀರು ರಸ್ತೆಗೆ ಬರುತ್ತದೆ, ಜನ ಪ್ಯಾಂಟು ಮಡಚಿ ದಾಟುತ್ತಾರೆ, ಮುಗಿಯಿತು. ಇಲ್ಲಿ ಹಾಗಲ್ಲ. ಇಲ್ಲಿ ಮನೆಮನೆಯಲ್ಲೂ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಹೊಸ್ತಿಲು ದಾಟಿದ ನೀರಿಗೆ ಮೊದಲು ಸಿಗುವ ಜಾಗವೇ ಆ ಕುಣಿ. ಒಮ್ಮೆ ತುಂಬಿದರೆ ವಾರಗಟ್ಟಲೆ ತೇವ ಆರುವುದಿಲ್ಲ, ನೂಲು ಬೂಷ್ಟು ಹಿಡಿಯುತ್ತದೆ, ಸೀರೆ ಅರ್ಧಕ್ಕೇ ನಿಲ್ಲುತ್ತದೆ.

ಆದರೆ ಗಟಾರದ ಬಾಯಿ ಮುಚ್ಚುವುದೂ ಅದೇ ಮಗ್ಗದ ನೂಲು. ನೇಯುವಾಗ ಕತ್ತರಿಸಿದ ತುಂಡು ಎಳೆಗಳನ್ನು ಕಸದ ಜೊತೆ ಗುಡಿಸಿ ಬಾಗಿಲ ಮುಂದಿನ ಗಟಾರಕ್ಕೆ ತಳ್ಳುವುದು ಓಣಿಯ ಹಳೆಯ ರೂಢಿ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ಈ ಓಣಿಯಲ್ಲಿ ಪ್ರತಿ ಮಳೆಗಾಲವೂ ಕೆಲಸವಿದೆ.

ದೊಡ್ಡ ಗಟಾರ ಕಟ್ಟಿಸುವಷ್ಟು ದುಡ್ಡು ಪುರಸಭೆಯಲ್ಲಿಲ್ಲ. “ಇರೂ ರೊಕ್ಕದಾಗ ಬೀದಿ ದೀಪಾನೂ ಆಗಬೇಕು, ರಸ್ತೆ ತಗ್ಗೂ ಮುಚ್ಚಬೇಕು, ಒಡದ ಪೈಪೂ ಕೂಡಸಬೇಕ್ರಿ. ಜೆಸಿಬಿ ತರಸೋಣಂದ್ರ ಈ ಓಣ್ಯಾಗ ಅದು ಹೊಳ್ಳೂದಿಲ್ಲ. ಯಮನೂರಪ್ಪನ ಕೊಕ್ಕೇನ ನಮ್ಮ ಜೆಸಿಬಿ,” ಎನ್ನುತ್ತಾರೆ ಆರೋಗ್ಯ ನಿರೀಕ್ಷಕ ಶಶಿಕಾಂತ. ರೋಣ, ನರಗುಂದದಲ್ಲೂ ಇದೇ ಹಾಡು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಕುಣಿಯ ಸಂಕಟ ಯಮನೂರಪ್ಪನವರು ಕೇಳಿ ತಿಳಿದದ್ದಲ್ಲ. ಅವರೂ ಇದೇ ಓಣಿಯ ನೇಕಾರರ ಮಗ. ತಂದೆಯ ಮಗ್ಗಕ್ಕೆ ಎರಡು ಮಳೆಗಾಲ ಮೇಲಿಂದ ಮೇಲೆ ನೀರು ಹೊಕ್ಕಿತು. ಮೂರನೆಯದಕ್ಕೆ ಕಾಯದೆ ಮಗ್ಗ ಬಿಚ್ಚಿ ಕಟ್ಟಿಗೆ ಮಾರಿದರು. ಮಗ ಕೊಕ್ಕೆ ಹಿಡಿದ. ನೆಂಟರು ಲಗ್ನಕ್ಕೆ ಕರೆಯುವುದನ್ನು ಬಿಟ್ಟರು. “ಕರದ್ರೂ ಬ್ಯಾರೆ ಕುಂದರಸ್ತಿದ್ರು. ಕರೀಲಾರದ್ದ ಚಲೋ ಆತ್ರಿ,” ಎಂದು ಅವರು ಕೊಕ್ಕೆಗೆ ಸುತ್ತಿಕೊಂಡ ಎಳೆ ಬಿಡಿಸುತ್ತಾರೆ.

ಓಣಿಯ ನಡುವಿನ ಮನೆ ಅವರ ಚಿಗವ್ವ, ಅಂದರೆ ಚಿಕ್ಕಮ್ಮ, ವೀರವ್ವನದು. ಎಪ್ಪತ್ತರ ಹತ್ತಿರವಾದರೂ ಇನ್ನೂ ನೇಯುತ್ತಾರೆ. ಅವರ ಬಾಗಿಲ ಮುಂದಿನ ಗಟಾರದ ಮೇಲೆ ಸಿಮೆಂಟು ಹಾಕಿ ಕೂರಿಸಿದ ಒಂದೇ ದೊಡ್ಡ ಕಲ್ಲಿತ್ತು. ಹೋದ ವರ್ಷ ಸುರಿಯುವ ಮಳೆಯಲ್ಲಿ ಅದರ ಕೆಳಗೇ ನೂಲು ಗಂಟು ಬಿದ್ದಿತು, ಕೊಕ್ಕೆ ಮುಟ್ಟಲಿಲ್ಲ. ನೀರು ಹೊಸ್ತಿಲಿಗೆ ಬಂದಿತ್ತು. ಯಮನೂರಪ್ಪ ಸುತ್ತಿಗೆ ತಂದು ಕಲ್ಲು ಒಡೆದರು. ನೀರು ಇಳಿಯಿತು, ವೀರವ್ವನ ಮಗ್ಗವೂ ಉಳಿಯಿತು, ಕೆಳಗಿನ ಮನೆಗಳ ಮಗ್ಗಗಳೂ ಉಳಿದವು. ಚಿಗವ್ವ ಮಾತು ಬಿಟ್ಟರು. ಅವರ ಗಂಡ ಬದುಕಿರುವತನಕ ಸಂಜೆ ಹೊತ್ತು ಕೂರುತ್ತಿದ್ದುದು ಆ ಕಲ್ಲಿನ ಮೇಲೆ.

ಅಂದಿನಿಂದ ಆ ಜಾಗ ತೆರೆದೇ ಇದೆ. ವೀರವ್ವ ಗೋಡೆ ಹಿಡಿದು ಅದನ್ನು ದಾಟುತ್ತಾರೆ. ಮಳೆ ಹಿಡಿದರೆ ಜಾರಿ ಬೀಳುವುದೇ ಬಾಕಿ. ಒಡೆದ ಕಲ್ಲಿಗೆ ಬದಲಿ ಕೊಡಿಸಲು ಪುರಸಭೆಯಲ್ಲಿ ಅವಕಾಶವಿಲ್ಲವಂತೆ. ಗೆಳೆಯ ಮಲಿಕಸಾಬನ ಟ್ರ್ಯಾಕ್ಟರಿನಲ್ಲಿ ಯಮನೂರಪ್ಪ ತಾವೇ ಎರಡು ಸಣ್ಣ ಕಲ್ಲು ತಂದು, ಎತ್ತಲು ಬರುವಂತೆ ಕಬ್ಬಿಣದ ಬಳೆ ಕೂರಿಸಿ, ಚಿಗವ್ವನ ಗೋಡೆಗೆ ಒರಗಿಸಿದ್ದಾರೆ. ಚಿಗವ್ವ ಇನ್ನೂ ಹೂಂ ಅಂದಿಲ್ಲ.

“ಅಕಿ ಬೀಳಬಾರದ್ರಿ, ಅಷ್ಟ ನನ್ನ ಆಸೆ. ಅಕಿ ಈ ಎತ್ತೂ ಕಲ್ಲ ಹಾಕಿಸಿಕೊಂಡ್ರ ಓಣಿ ಮಂದೀನೂ ಹಾಕಸತಾರ. ಮುಂದ ಯಾರ ಕಲ್ಲೂ ಒಡಿಯೂದ ಬ್ಯಾಡ.”

ನಾನು ವೀರವ್ವನ ಬಾಗಿಲಿಗೆ ಹೋಗುತ್ತೇನೆ. ಯಮನೂರಪ್ಪ ಹಿಂದೆಯೇ, ನಾಲ್ಕು ಮಾರು ದೂರದಲ್ಲಿ ನಿಂತಿದ್ದಾರೆ. ವೀರವ್ವ ಮಗ್ಗದಿಂದ ಏಳದೆ ನನ್ನನ್ನೇ ನೋಡಿ ಮಾತಾಡುತ್ತಾರೆ.

“ಕಲ್ಲ ಒಡದಿದ್ದಕ್ಕ ಸಿಟ್ಟಿಲ್ರಿ ನನಗ. ಒಡೀಲಿಲ್ಲಂದ್ರ ಮಗ್ಗ ಮುಳುಗತಿತ್ತು. ಆದ್ರ ಲಾಳಿ ಹಿಡಿಯೂ ಕೈ ಅದು. ಗಟಾರದಾಗ ಇಟ್ಟಿದ್ದ ನನಗ ನೋಡಾಕ ಆಗೂದಿಲ್ಲ.” ಲಾಳಿ ಒಮ್ಮೆ ಆಚೆಯಿಂದ ಈಚೆಗೆ ಓಡುತ್ತದೆ. “ಮೋಡ ಹಾಕೇತಿ. ಕಲ್ಲ ಹಾಕಾಂವ ಇದ್ರ ಇವತ್ತ ಹಾಕ ಅಂತ ಹೇಳ್ರಿ ಅವಗ.”

ನಾಲ್ಕು ಮಾರಿನ ಆ ಸಂದೇಶವನ್ನು ನಾನು ಗಂಭೀರವಾಗಿಯೇ ತಲುಪಿಸುತ್ತೇನೆ. ಒಳಗೊಳಗೆ ಖುಷಿಯಾಗಿದೆ. “ಕೇಳಸೇತ್ರಿ,” ಎಂದು ಯಮನೂರಪ್ಪ ಮುಂದೆ ಬರುತ್ತಾರೆ. ಕಲ್ಲಿಗೆ ಕೈ ಹಚ್ಚುವ ಮೊದಲು ತೆರೆದ ಗಟಾರಕ್ಕೆ ಒಮ್ಮೆ ಕೊಕ್ಕೆ ಇಳಿಸಿ ಎಳೆಯುತ್ತಾರೆ. ಬರೀ ಕೆಸರು ಬರುತ್ತದೆ.

“ಈ ಮನಿ ಮುಂದ ಒಂದ ಎಳಿ ನೂಲ ಸಿಗೂದಿಲ್ರಿ,” ಎಂದು ದನಿ ತಗ್ಗಿಸುತ್ತಾರೆ. “ಮಾತ ಬಿಟ್ಟಾಗಿಂದ ಅಕಿ ಒಗದಿಲ್ಲ. ಮ್ಯಾಲಿನ ಮನೀದು ಹರದ ಬಂದ್ರೂ, ನಾ ಬರೂದ್ರಾಗ ತಾನ ಕೈ ಹಾಕಿ ತಗದಿರತಾಳ.”