ಶ್ರಾವಣದಾಗ ಕನಕಮ್ಮನ ಅಣಬಿ

ಸಿದ್ದಾಪುರದ ಕನಕಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಗಂಡ ಹುಸೇನಪ್ಪ ಕಾಲುವೆ ಗೇಟು ಕಾಯುವ ಮನುಷ್ಯ. ನೀರನ್ನಾದರೂ ನಿಲ್ಲಿಸಿಯಾನು, ಹೆಂಡತಿಯ ಮಾತನ್ನಲ್ಲ. ಹುಡುಗಿಯಾಗಿದ್ದಾಗಿನಿಂದ ಕೆಸರಿನಲ್ಲಿ ಬಗ್ಗಿ ನೆಲ್ಲು ಹಚ್ಚಿದವಳು ಆಕೆ. ಆ ಕೆಲಸದಲ್ಲಿ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿಲ್ಲ, ಬಿಡುವಾಗಿರುವುದು ನಾಲಿಗೆಯೊಂದೇ. ಬೀಗರ ಜಿಪುಣತನ, ಪೂಜಾರಿಯ ಗೊರಕೆ, ಎಲ್ಲವನ್ನೂ ಸಸಿಯ ಜೊತೆಗೇ ನಾಟಿ ಮಾಡಿ ಬರುತ್ತಿದ್ದಳು.

ಸೊಂಟ ಕೈಕೊಟ್ಟ ಮೇಲೆ ಹಿಡಿದದ್ದು ಅಣಬೆ. ಊರಿನ ರೈತ ಹೆಂಗಸರು ಸೇರಿ ಸಹಕಾರ ಸಂಘ ಕಟ್ಟಿದರು. ಮೈದುನ ಪರಮೇಶ ತನ್ನ ಖಾಲಿ ಗೋದಾಮು ಬಿಟ್ಟುಕೊಟ್ಟ. ನೆಲ್ಲಿನ ಹುಲ್ಲಿಗಂತೂ ಬರವಿಲ್ಲ. ಹುಲ್ಲು ಕುದಿಸಿ, ಆರಿಸಿ, ಬೀಜ ಬೆರೆಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತೂಗುಹಾಕಿದರೆ, ಕೆಲವು ವಾರಕ್ಕೆ ಚೀಲದ ತೂತುಗಳಿಂದ ಚಿಪ್ಪಣಬೆ ಬೆಳ್ಳಗೆ ಕಿವಿ ಚಾಚುತ್ತದೆ. ಅದನ್ನು ಕಂಡಾಗಲೆಲ್ಲ ಸೊಸೆ ಶೋಭಾರಾಣಿಗೆ ದಿಗಿಲು. ಹುಬ್ಬಳ್ಳಿಯಲ್ಲಿ ಓದಿದವಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಮೊಬೈಲು.

"ಅತ್ತಿ, ಕೂಸಿನ ಬಾಯಾಗ ಹೋಗಿ ವಿಷ ಗಿಷ ಆದ್ರ?"

"ಹಾಲಿನ ಜೋಡಿ ನಿನ್ನ ಚಿಂತಿ ದಿನಾ ಕುಡದು ಬದಕೇತಿ ಅದು. ಅಣಬಿ ತಿಂದು ಸಾಯತೈತೇನ?"

ಆದರೆ ಊರಿಗೂ ಅಣಬೆಯೆಂದರೆ ಹೇಸಿಗೆ. "ತಿಪ್ಪಿ ಮ್ಯಾಗಿನ ನಾಯಿಕೊಡಿ ಯಾರು ತಿಂತಾರ?" ಎಂದು ಮೂಗು ಮುರಿದರು. ಆಗ ಕನಕಮ್ಮ ಸಂತೆಯಲ್ಲೇ ಒಲೆ ಹೂಡಿ, ಕೊಬ್ಬರಿ, ಗಸಗಸೆ, ಲವಂಗ ಅರೆದ ಬಾಡಿನ ಮಸಾಲೆ ಹಾಕಿ ಕುದಿಸಿದಳು. "ಥೇಟ್ ಮಟನ್ನ ನೋಡ್ರಿ! ಕಣ್ಣ ಮುಚ್ಚಿ ತಿಂದ್ರ ಹೊಟ್ಟ್ಯಾಗ ಕುರಿ ಒದರತೈತಿ!" ಜನ ಮುಗಿಬಿದ್ದರು. ಬೇಸಿಗೆಯುದ್ದಕ್ಕೂ ಆ ಒಂದೇ ಮಾತಿನ ಮೇಲೆ ಸಂಘ ನಡೆಯಿತು.

ಆಮೇಲೆ ಶ್ರಾವಣ ಬಂತು.

ಹೊರಗೆ ತಂಪು ಗಾಳಿ, ಒಳಗೆ ಹಿಂದೆಂದೂ ಕಾಣದಷ್ಟು ಅಣಬೆ. ಊರೇ ಬಾಡು ಬಿಟ್ಟು ಕೂತಿದೆ. ಥೇಟ್ ಮಟನ್ನಿನಂಥದ್ದನ್ನು ತಿಂದು ವ್ರತ ಕೆಡಿಸಿಕೊಳ್ಳುವವರು ಯಾರು? "ನೀನ ಹೇಳಿದ್ಯಲ್ಲ ಕನಕವ್ವ, ಹೊಟ್ಟ್ಯಾಗ ಕುರಿ ಒದರತೈತಿ ಅಂತ. ಶ್ರಾವಣದಾಗ ಒದರಿದ್ರ ಹೆಂಗ?" ಎಂದು ಮನೆಮನೆಯಲ್ಲೂ ಬುಟ್ಟಿ ವಾಪಸು ಕಳಿಸಿದರು. ಕನಕಮ್ಮ ಸಂಘದ ಗೆಳತಿ ಅನೀಸಾಳ ಕಡೆ ತಿರುಗಿದಳು. "ನಿಮ್ಮ ಓಣ್ಯಾಗ ಶ್ರಾವಣ ಇಲ್ಲಲ್ಲವಾ?"

"ಶ್ರಾವಣ ಇಲ್ಲ, ಖರೆ ಮಟನ್ ಐತಿ. ಸುಳ್ಳ ಮಟನ್ ಯಾಕ ತಿಂತಾರ?" ಎಂದಳು ಅನೀಸಾ.

ಪರಮೇಶ ಗೋದಾಮಿನ ಬಾಗಿಲಲ್ಲಿ ನಿಂತು ಮೂಗು ಎಳೆದ. "ವೈನಿ, ಈ ಬೆಳಿ ಇಲ್ಲೇ ಕೊಳತ್ರ ಗೋದಾಮು ಖಾಲಿ ಮಾಡ್ರಿ. ನಾ ನೆಲ್ಲು ತುಂಬತೀನಿ."

ಅಣಬೆ ಒಂದೆರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಆ ರಾತ್ರಿ ಕನಕಮ್ಮ ಮಾತಾಡಲಿಲ್ಲ. ಹುಸೇನಪ್ಪ ಗಾಬರಿಯಾಗಿ ಹಣೆ ಮುಟ್ಟಿ ನೋಡಿದ.

ಮರುದಿನ ಸಂತೆಯಲ್ಲಿ ಮತ್ತೆ ಒಲೆ ಹೂಡಿದಳು. ಈ ಸಲ ಬಾಡಿನ ಮಸಾಲೆ ಇಲ್ಲ, ವ್ರತಕ್ಕೆ ಸಲ್ಲದ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇಲ್ಲ. ಬರೀ ಹಸಿಮೆಣಸಿನಕಾಯಿ, ಶೇಂಗಾಪುಡಿ. ಯಾರೂ ಹತ್ತಿರ ಸುಳಿಯಲಿಲ್ಲ. ಅಷ್ಟರಲ್ಲಿ ಹೀರೇಕಾಯಿ ಕೊಳ್ಳಲು ಮುದಕಮ್ಮ ಬಂದಳು. ಬಾಡು ಮುಟ್ಟದ ಮನೆತನದ ಹಿರಿಯಳು, ಊರ ವ್ರತಗಳಿಗೆಲ್ಲ ಹೈಕೋರ್ಟು. ಕನಕಮ್ಮನ ಬೀದಿಯಲ್ಲಿ ನಡೆಯುವಾಗ ಸೆರಗನ್ನು ಮೂಗಿನಿಂದ ಇಳಿಸಿದವಳಲ್ಲ.

ಕನಕಮ್ಮ ತಟ್ಟೆ ಹಿಡಿದು ಅಡ್ಡ ನಿಂತಳು. "ಅವ್ವಾರ, ನೀವ ತಿಂದು ಹೇಳ್ರಿ. ಶ್ರಾವಣಕ್ಕ ನಡಿಯಂಗಿಲ್ಲ ಅಂದ್ರ ಎಲ್ಲಾ ತಿಪ್ಪಿಗೆ ಸುರವತೀನಿ."

ಸಂತೆಯ ಜನ ತಕ್ಕಡಿ ಬಿಟ್ಟು ಸುತ್ತ ನೆರೆದರು. ಶೋಭಾರಾಣಿ ಕೂಸನ್ನು ಅವಚಿಕೊಂಡಳು. ಮುದಕಿಗೆ ಏನಾದರೂ ಆದರೆ ಆಸ್ಪತ್ರೆಗೆ ಯಾವ ಗಾಡಿ ಎಂದು ಆಗಲೇ ಯೋಚಿಸುತ್ತಿದ್ದಳು. ಮುದಕಮ್ಮ ಒಂದು ಚೂರು ಬಾಯಿಗಿಟ್ಟಳು, ಅಗಿದಳು, ಇನ್ನೊಂದು ತಗೊಂಡಳು, ತಲೆ ಅಲ್ಲಾಡಿಸಿದಳು.

"ಇದೆಲ್ಲಿ ಮಟನ್ ಬಿಡವಾ! ಮಟನ್ನಂದ್ರ ಹಲ್ಲಿನಾಗ ಸಿಗಬೇಕು. ನಳಿ ಎಲಬ ಹೀರಿದ್ರ ಒಳಗಿನ ರಸ ಸುರ್ರ್ ಅಂತ ಬರಬೇಕು. ಇದು ಎಳಿ ಬದನಿಕಾಯಿ ಹಂಗೈತಿ. ತಿನ್ರಿ, ಏನೂ ದೋಷಿಲ್ಲ."

ಸೊಪ್ಪು ಮಾರುವ ಮಾರೆಮ್ಮನ ಕೈ ಗಾಳಿಯಲ್ಲೇ ನಿಂತಿತು. "ಅವ್ವಾರ... ನಳಿ ಎಲಬಿನ ಸುದ್ದಿ ನಿಮಗ ಹೆಂಗ ಗೊತ್ತ?"

ಮುದಕಮ್ಮನ ಮುಖ ಸುಣ್ಣವಾಯಿತು. ಕನಕಮ್ಮನ ನಾಲಿಗೆಯ ತುದಿಗೆ ವರ್ಷವಿಡೀ ನಗುವಂಥ ಮಾತು ಬಂದು ಕೂತಿತ್ತು. ಜೀವಮಾನದಲ್ಲಿ ಮೊದಲ ಸಲ ಅದನ್ನು ನುಂಗಿದಳು.

"ನಾನ ಹೇಳೇನಿ ಅವರಿಗೆ. ದಾರ್ಯಾಗ ನಿಂದ್ರಿಸಿ, ಬ್ಯಾಡ ಬ್ಯಾಡ ಅಂದ್ರೂ ಕಿವಿಗೆ ತುರುಕೇನಿ. ನನ್ನ ಬಾಯಿ ಹೊಸಾದೇನ ನಿಮಗ?"

ಯಾರೂ ಅನುಮಾನಿಸಲಿಲ್ಲ. ಆ ಬಾಯಿಂದ ಎಲ್ಲರ ಕಿವಿಯೂ ತುಂಬಿತ್ತು. ಮಧ್ಯಾಹ್ನದೊಳಗೆ ಬುಟ್ಟಿಗಳು ಬರಿದಾದವು. ಪರಮೇಶನ ಹೆಂಡತಿಯೂ ಒಂದು ಪಾಕೀಟು ಒಯ್ದಳು, ಗೋದಾಮಿನ ಮಾತು ಮತ್ತೆ ಏಳಲಿಲ್ಲ.

ತಿಂಗಳ ಕೊನೆಯ ಬೆನಕನ ಅಮಾವಾಸ್ಯೆಗೆ ಶ್ರಾವಣ ಮುಗಿಯಿತು. ಮರುದಿನ ಗೋದಾಮಿನ ಹಿಂಬಾಗಿಲಿಗೆ ಮುದಕಮ್ಮ ಬಂದಳು, ಸೆರಗಿನಡಿ ಸ್ಟೀಲಿನ ಡಬ್ಬಿ.

"ಏ ಕನಕಿ, ಆ ಮೊದಲಿನ ಮಸಾಲಿ ಹಾಕಿ ಮಾಡಿಕೊಡು. ಕುರಿ ಒದರೋದು."

"ನಳಿ ಎಲಬ ಎಲ್ಲಿಂದ ತರ್ಲಿ, ಅವ್ವಾರ?"

"ಬಾಯಿ ಮುಚ್ಚು, ಬಾಯಿಬಡಕಿ," ಎಂದಳು ಮುದಕಮ್ಮ. "ಖಾರ ಸ್ವಲ್ಪ ಮುಂದ ಇರ್ಲಿ."