ನಾನು ಬದು ಅಳೆಸಿದ ವರ್ಷ

ನಾಳೆ ಹತ್ತು ಗಂಟೆಗೆ ಸರ್ವೆಯವರು ಬರುತ್ತಾರೆಂದು, ಹುಣಸೂರಿನ ನಮ್ಮ ನಿವೇಶನದ ಪತ್ರಗಳಿಗಾಗಿ ಟ್ರಂಕು ತೆಗೆದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹೊಸದಾಗಿ ಕಟ್ಟಿಸಿದ ಕಾಂಪೌಂಡು ಅರ್ಧ ಅಡಿ ನಮ್ಮ ಕಡೆಗೆ ಬಂದಿದೆಯೆಂಬ ಗುಮಾನಿ ನನಗೆ. ಮೂರು ತಿಂಗಳಿಂದ ನಾವಿಬ್ಬರೂ ಬಹಳ ಸಭ್ಯತೆಯಿಂದ ಮಾತು ಬಿಟ್ಟಿದ್ದೇವೆ. ಪತ್ರ ಸಿಗಲಿಲ್ಲ. ಸಿಕ್ಕಿದ್ದು ನನ್ನ ಎಂ.ಎ. ಪ್ರಬಂಧ. ತೆರೆದರೆ ಬೇಯಿಸಿದ ಹೊಗೆಸೊಪ್ಪಿನ ವಾಸನೆ. ಲೋಕಶಾಂತಿಯ ಮೇಲೆ ಬರೆದ ಪುಸ್ತಕಕ್ಕೆ ಆ ವಾಸನೆ ಹೇಗೆ ಬಂತೆಂದು ನಿಮಗಾದರೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ನಾನು ಓದುತ್ತಿದ್ದದ್ದು ಅಂತರರಾಷ್ಟ್ರೀಯ ಭದ್ರತೆ ಮತ್ತು ಸಂಘರ್ಷ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಬ್ಯಾಗಿನ ಚಿಂತೆ ಮಾಡುತ್ತಿದ್ದವನಿಗೆ ಅಣುಬಾಂಬಿನ ಚಿಂತೆ ಮಾಡಲು ಹಾಸ್ಟೆಲಿನಲ್ಲಿ ಜಾಗವನ್ನೂ ಕೊಟ್ಟರು. ಆದರೆ ಅದನ್ನು ನಮ್ಮೂರು ಕಟ್ಟೆಮಳಲವಾಡಿಯಲ್ಲಿ ವಿವರಿಸುವುದು ಕಷ್ಟವಿತ್ತು. ನಮ್ಮ ಪಕ್ಕದ ಹೊಲದ ಕೆಂಚೇಗೌಡರು, ಊರ ಲೆಕ್ಕದಲ್ಲಿ ನನಗೆ ಮಾವ, ಒಮ್ಮೆ ಕೇಳಿದರು.

“ಅದೇನ್ಲಾ ಅಳಿಯ ಓದ್ತಾ ಇರಾದು?”

“ದೇಶ ದೇಶ ಯಾಕೆ ಜಗಳ ಆಡ್ತವೆ ಅಂತ, ಮಾವ.”

“ಮಿಲ್ಟ್ರಿಗೆ ಸೇರ್ತೀಯಾ?”

“ಇಲ್ಲ.”

“ಪೋಲೀಸು?”

“ಅದೂ ಇಲ್ಲ.”

“ಬರೀ ಜಗಳ ನೋಡಕ್ಕೆ ಮೈಸೂರ್‌ಗಂಟ ಓಗ್ಬೇಕಾ? ಉಳಾ ದಿನ ನಮ್ ಬದಿನ್ ಮ್ಯಾಲೆ ನಿಂತ್ಕೊ ಬುಡು, ಎಲ್ಲ ಕಾಣ್ತದೆ.”

ಅವರು ಹೇಳಿದ್ದು ನಿಜ. ಮುಂಗಾರಿನ ಮೊದಲ ಉಳುಮೆಯಲ್ಲಿ ಒಂದು ವರ್ಷ ಅಪ್ಪ ಎರಡು ಸಾಲು ಬದುವಿನೊಳಕ್ಕೆ ನೇಗಿಲು ಹಾಯಿಸುತ್ತಿದ್ದರು, ಮರುವರ್ಷ ಕೆಂಚೇಗೌಡರು ಎರಡು ಸಾಲು ವಾಪಸು ಹಾಯಿಸುತ್ತಿದ್ದರು. ಆ ದಿನ ಮಧ್ಯಾಹ್ನದವರೆಗೂ ಇಬ್ಬರೂ ತಂತಮ್ಮ ಹೊಲದಲ್ಲಿ ನಿಂತು ಮೂರು ಹೊಲದಾಚೆಗೆ ಕೇಳುವಂತೆ ಬಯ್ದುಕೊಳ್ಳುತ್ತಿದ್ದರು. ಆಮೇಲೆ ಹೊಂಗೆ ಮರದ ಕೆಳಗೆ ಒಂದೇ ಚೀಲದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮೂವತ್ತು ವರ್ಷವಾದರೂ ಬದು ಇದ್ದಲ್ಲೇ ಇತ್ತು. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿನಲ್ಲಿ ಒಂದು ಸಲ ನಮ್ಮ ಸೊಪ್ಪು, ಒಂದು ಸಲ ಅವರದು. ಅವರ ಬಾವಿಯಲ್ಲಿ ಎರಡೂ ಮನೆಯ ದನ ನೀರು ಕುಡಿಯುತ್ತಿದ್ದವು.

ನಾನು ಮಾತ್ರ ಗಾಬರಿಗೊಂಡೆ. ಅಳತೆಯಿಲ್ಲದ ಗಡಿಯೇ ಮುಂದಿನ ಯುದ್ಧದ ಬೀಜವೆಂದು ಓದಿಕೊಂಡು ಬಂದಿದ್ದೆ. ಪ್ರಬಂಧ ಬರೆಯಲು ಊರಿಗೆ ಬಂದವನು, ಸರ್ಕಾರದಿಂದ ಗಡಿ ಅಳೆಸುವ ಹದ್ದುಬಸ್ತಿಗೆ ನಾನೇ ಅರ್ಜಿ ಬರೆದು ಅಪ್ಪನ ಮುಂದೆ ಹಿಡಿದೆ.

“ಬ್ಯಾಡ ಕಣ್ಲಾ,” ಎಂದರು ಅಪ್ಪ. “ಅಳೆಸುದ್ರೆ ಗೊತ್ತಾಗೋಯ್ತದೆ.”

“ಗೊತ್ತಾಗ್ಲಿ ಅಂತಾನೇ ಅಪ್ಪ ಅಳೆಸೋದು.”

ಓದಿದ ಮಗನೆಂದು ಸಹಿ ಹಾಕಿದರು.

ಸರ್ವೆಯವರು ಬಂದು, ಸರಪಳಿ ಎಳೆದು, ಕಲ್ಲು ನೆಟ್ಟು ಹೋದರು. ಅವರ ಅಳತೆಯಲ್ಲಿ ತಪ್ಪೇನಿರಲಿಲ್ಲ. ನಮ್ಮ ಬ್ಯಾರನ್ನು ಕೆಂಚೇಗೌಡರ ಜಮೀನಿನಲ್ಲಿತ್ತು. ಅವರ ಬಾವಿ ನಮ್ಮ ಜಮೀನಿನಲ್ಲಿತ್ತು.

ಆ ವರ್ಷದ ಬೈಗುಳ ಅಲ್ಲಿಗೇ ನಿಂತಿತು. ಎದುರು ಸಿಕ್ಕರೆ ಇಬ್ಬರೂ “ಚೆನ್ನಾಗಿದ್ದೀರಾ?” ಎಂದು ಬಹುವಚನದಲ್ಲಿ ವಿಚಾರಿಸತೊಡಗಿದರು. ಕೆಂಚೇಗೌಡರು ದನಗಳನ್ನು ದೂರದ ಕೆರೆಗೆ ಹೊಡೆದುಕೊಂಡು ಹೋದರು. ಆಗಸ್ಟಿನ ಹೊತ್ತಿಗೆ ಎರಡೂ ಹೊಲದಲ್ಲಿ ಸೊಪ್ಪು ಹಣ್ಣಾಯಿತು. ಹಣ್ಣಾದ ಸೊಪ್ಪು ಕಾಯುವುದಿಲ್ಲ. ಮುರಿದ ದಿನವೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು, ಮುರಿಯದಿದ್ದರೆ ಗಿಡದಲ್ಲೇ ಹಾಳು. ಅಪ್ಪ ಮುರಿಯಲಿಲ್ಲ.

“ಅವ್ರ ಜಾಗ್ದಾಗೆ ನಾನೆಂಗ್ಲಾ ಬೆಂಕಿ ಆಕ್ಲಿ?”

ಕೆಂಚೇಗೌಡರೂ ಮುರಿಯಲಿಲ್ಲ. ಅವರು ಕಟ್ಟದ ಬ್ಯಾರನ್ನಿಗೆ ಅವರು ಹೇಗೆ ಸೊಪ್ಪು ಏರಿಸುತ್ತಾರೆ?

ಒಬ್ಬ ತನ್ನ ಭದ್ರತೆಗೆಂದು ಮಾಡಿದ ಕೆಲಸವೇ ಇಬ್ಬರನ್ನೂ ಅಭದ್ರಗೊಳಿಸುವುದರ ಬಗ್ಗೆ ನಾನು ಆಗಲೇ ಹದಿನಾಲ್ಕು ಪುಟ ಬರೆದು ಮುಗಿಸಿದ್ದೆ. ಅದರಲ್ಲಿ ಎಲ್ಲೂ ನಮ್ಮ ಹೊಲ ಬಂದಿರಲಿಲ್ಲ. ಎರಡು ಮನೆಯ ವರ್ಷದ ಬೆಳೆ ಕಣ್ಣೆದುರು ಹಳದಿಯಾಗುತ್ತಿದ್ದಾಗ ನಾನು ಮಾಡಿದ್ದು ಇಷ್ಟು: ಐದು ಷರತ್ತುಗಳ ಒಪ್ಪಂದವೊಂದನ್ನು ಕೆ.ಆರ್. ನಗರದಲ್ಲಿ ಟೈಪು ಮಾಡಿಸಿ ತಂದೆ.

ಕೆಂಚೇಗೌಡರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. “ನಿಮ್ಮಪ್ಪಂಗೂ ನಂಗೂ ಕಾಗದ ಬೇಕಾಗೋಯ್ತೇನ್ಲಾ ಅಳಿಯ?” ಎಂದು ಮಡಿಸಿ ನನ್ನ ಜೇಬಿಗೇ ಇಟ್ಟರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಅವ್ವ ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು, ನೆಟ್ಟಗೆ ಹೋಗಿ ಬದುವಿನ ಮೇಲೆ ನಿಂತರು.

“ಅಣ್ಣೋ ಕೆಂಚಣ್ಣೋ! ಎಲ್ಡ್ ಸಾಲು ನುಂಗ್ಕಂಡು ಸುಮ್ಕೆ ಕುಂತಿದ್ದೀಯಲ್ಲ, ಒಟ್ಟೆ ನೋಯಾಕಿಲ್ವಾ?”

ಆಚೆ ಹೊಲದಿಂದ ಕೆಂಚೇಗೌಡರ ಗಂಟಲು, ಮೂರು ತಿಂಗಳ ತುಕ್ಕು ಉದುರಿಸಿಕೊಂಡು:

“ನುಂಗ್ದೋನು ನಾನಲ್ಲ ಕಣವ್ವ, ನಿನ್ ಗಂಡ! ಓದ್ ವರ್ಸ ಮೂರ್ ಸಾಲ್ ತಿಂದು ತೇಗ್ನಿಲ್ವಾ?”

ಕೊಟ್ಟಿಗೆಯಲ್ಲಿದ್ದ ಅಪ್ಪ ಓಡಿ ಬಂದರು. “ಮೂರ್ ಯಾವಾಗ್ಲಾ ತಿಂದೆ ಬಾವ? ಎಲ್ಡೇ ಕಣೋ!”

ಮಧ್ಯಾಹ್ನದವರೆಗೂ ನಡೆಯಿತು. ಊಟವಾದ ಮೇಲೆ ಎರಡೂ ಮನೆಯವರು ಸೇರಿ ನಮ್ಮ ಹೊಲದ ಸೊಪ್ಪು ಮುರಿದು, ಸಂಜೆಯೊಳಗೆ ಬ್ಯಾರನ್ನಿಗೆ ಏರಿಸಿದರು. ಮುಂದಿನ ಸರದಿ ಅವರದು. ಅಷ್ಟರಲ್ಲಿ ಒಂದಿಷ್ಟು ಕೆಳಗಿನ ಎಲೆ ಎರಡೂ ಕಡೆ ಹಾಳಾಗಿತ್ತು. ಅದರ ಬಗ್ಗೆ ನನ್ನ ಮುಂದೆ ಯಾರೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಸರ್ವೆ ಕಲ್ಲನ್ನು ಯಾರೂ ಕೀಳಲಿಲ್ಲ. ಕುಡುಗೋಲು ಮಸೆಯಲು ಅದು ಇಬ್ಬರಿಗೂ ಅನುಕೂಲವಾಯಿತು.

ಪ್ರಬಂಧಕ್ಕೆ ರಟ್ಟು ಹಾಕಿಸಿ ತಂದಾಗ ಅಪ್ಪ ಅದನ್ನು ಒಳಕೋಣೆಯಲ್ಲಿ ಪೇರಿಸಿದ್ದ ಬೆಂದ ಸೊಪ್ಪಿನ ಅಟ್ಟಿಯ ಮೇಲಿಟ್ಟರು. ಮನೆಯಲ್ಲಿ ಬೆಲೆಬಾಳುವುದನ್ನೆಲ್ಲ ಇಡುತ್ತಿದ್ದ ಕೋಣೆ ಅದೊಂದೇ.

ಟ್ರಂಕು ಮುಚ್ಚಿ, ಸರ್ವೆಯವರಿಗೆ ಫೋನು ಮಾಡಿ ಬರುವುದು ಬೇಡವೆಂದೆ. ಹಿತ್ತಲಿಗೆ ಹೋದೆ. ಮೇಷ್ಟ್ರ ನುಗ್ಗೆ ಮರದ ಕೊಂಬೆ ಎಂದಿನಂತೆ ನಮ್ಮ ಕಡೆ ಬಾಗಿತ್ತು. ಅಭ್ಯಾಸವಿಲ್ಲದ್ದರಿಂದ ಎರಡು ಸಲ ಕೆಮ್ಮಿದೆ.

“ಏನ್ರೀ ಮೇಷ್ಟ್ರೇ! ನಿಮ್ ಮರದ ಕಸ ಗುಡಿಸಕ್ಕೆ ನಾನೇನ್ ನಿಮ್ ಮನೆ ಆಳಾ?”

ಗೋಡೆಯಾಚೆ ಕುರ್ಚಿ ಸರಿದ ಸದ್ದು.

“ಕಾಯಿ ಕಿತ್ಕೊಂಡು ಸಾರು ಮಾಡುವಾಗ ಈ ಗಂಟ್ಲು ಎಲ್ಲಿತ್ರೀ?”

ನನಗೆ ಎಷ್ಟೋ ದಿನದ ಮೇಲೆ ಭದ್ರವೆನಿಸಿತು. ಗೋಡೆಯ ಹತ್ತಿರಕ್ಕೆ ಹೋಗಿ, ಇನ್ನೂ ಗಟ್ಟಿಯಾಗಿ ಶುರು ಮಾಡಿದೆ.