ಮೇಡಂ ಒಣಗಿಸಿದ ಪುಡಿ

ನನ್ನ ಪಿಎಚ್.ಡಿ. ಮಾರ್ಗದರ್ಶಕಿಯ ಉಣ್ಣೆ ಶಾಲಿನ ಒಂದು ಅಂಚು ಹೀಟರಿನ ಕಾವಿಗೆ ಸುಟ್ಟು ಕಂದಾಗಿತ್ತು. ಊಟಿಯ ತೇವದೊಂದಿಗೆ ಅವರದು ಹಳೆಯ ಜಗಳ. ಸೀಮೆಸುಣ್ಣ, ಉತ್ತರಪತ್ರಿಕೆ, ಕೊಡೆ ಎಲ್ಲವನ್ನೂ ಹೀಟರಿನ ಮುಂದಿಟ್ಟು ಒಣಗಿಸುತ್ತಿದ್ದರು. ಒದ್ದೆ ಬೆಕ್ಕು ಸಿಕ್ಕಿದ್ದರೆ ಅದನ್ನೂ ಬಿಡುತ್ತಿರಲಿಲ್ಲ. ಮೈಸೂರು ಕಡೆಯವರು, ಒಂಟಿ. ಮಧ್ಯಾಹ್ನ ಬುತ್ತಿಯನ್ನು ಒಬ್ಬರೇ ಕೂತು ತಿನ್ನುತ್ತಿದ್ದರು. ಊಟಿಯ ಹತ್ತಿರದ ಇತ್ತಲಾರು ಎಂಬ ಹಟ್ಟಿಯಿಂದ ಬಂದ ನಾನೇ ಅವರ ಮೊದಲ, ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಅವರ ನಿವೃತ್ತಿಯೊಳಗೆ ನನ್ನ ಪ್ರಬಂಧ ಮುಗಿಯಬೇಕಿತ್ತು.

ನಮ್ಮ ಕೆಲಸ ಬೇರಿಯಂ ಟೈಟನೇಟ್ ಎಂಬ ಬಿಳಿ ಪುಡಿಯ ಮೇಲೆ. ಅದರ ಹರಳಿನೊಳಗೆ ಧನ, ಋಣ ವಿದ್ಯುದಂಶಗಳು ಕೊಂಚ ಸರಿದು ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಕಾಯಿಸಿದರೆ ಒಂದು ಹಂತದಲ್ಲಿ ಆ ಶಿಸ್ತು ಮುರಿದು ಹರಳಿನ ರೂಪವೇ ಬದಲಾಗುತ್ತದೆ; ಗ್ರಾಫಿನಲ್ಲಿ ಅದು ಶಿಖರವಾಗಿ ಕಾಣುತ್ತದೆ. ಕಣ ಸಣ್ಣದಾದಷ್ಟೂ ಕಡಿಮೆ ಕಾವಿಗೇ ಹಾಗಾಗುತ್ತದೆ, ತೀರಾ ಸಣ್ಣದಾದರೆ ಶಿಖರವೇ ಇಲ್ಲ. “ಅಕ್ಕಪಕ್ಕದವರು ಇದ್ರೆ ತಾನೇ ದಿಕ್ಕು ಹಿಡಿದು ನಿಲ್ಲೋದು? ಪುಟ್ಟ ಕಣಕ್ಕೆ ಯಾರಿದ್ದಾರಮ್ಮ?” ಎನ್ನುತ್ತಿದ್ದರು ಮೇಡಂ.

ಆದರೆ ನಮ್ಮ ಅತಿ ಸಣ್ಣ ಪುಡಿಯಲ್ಲಿ ದೊಡ್ಡ ಶಿಖರ ಬಂತು. ಹೊಸದೇನೋ ಸಿಕ್ಕಿತೆಂದು ವಿಭಾಗದಲ್ಲಿ ಲಡ್ಡು ಹಂಚಿದರು. ಮೇಡಂ ಮಾತ್ರ ಲಡ್ಡು ಕೈಯಲ್ಲಿ ಹಿಡಿದೇ ಕೂತಿದ್ದರು. ಆಮೇಲೆ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತರು.

“ಮಳೆಗಾಲದ ತೇವ ಅಂತ ಪುಡೀನ ನಾನೇ ಫರ್ನೇಸಿಗೆ ಇಟ್ಟೆ. ಕಾವು ಜಾಸ್ತಿ ಆಯ್ತು. ಕಣಗಳು ಒಂದಕ್ಕೊಂದು ಅಂಟಿ ದಪ್ಪ ಆಗಿವೆ. ತಪ್ಪು ನಂದು, ಈ ಹುಡುಗೀದಲ್ಲ.”

ಬಾಯಿ ಬಿಡದೆ ಇದ್ದಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲಿನಿಂದ ಮತ್ತೆ ಪುಡಿ ಮಾಡಿದೆವು. ಶಿಖರವಿಲ್ಲದ ಸಪಾಟು ಗೆರೆ ಬರುವಷ್ಟರಲ್ಲಿ ಅವರ ನಿವೃತ್ತಿಯಾಗಿತ್ತು. ಪ್ರಬಂಧದಲ್ಲಿ ಮಾರ್ಗದರ್ಶಕರ ಜಾಗಕ್ಕೆ ಬೇರೊಬ್ಬರ ಹೆಸರು ಬಂತು. ಮೌಖಿಕ ಪರೀಕ್ಷೆಯ ದಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದು, ಚಹಾಕ್ಕೂ ನಿಲ್ಲದೆ ಹೊರಟುಹೋದರು. ಡಾಕ್ಟರ್ ಅನ್ನಿಸಿಕೊಂಡ ಆ ದಿನ ನನಗೆ ಅಳು ಬಂತು.

ಹೋದ ಚಳಿಗಾಲ ಅವರು ತೀರಿಕೊಂಡರು. ಬರುವ ನೆಂಟರು ಯಾರೂ ಇಲ್ಲವೆಂದು ನಾನು ಮನೆಗೆ ಫೋನ್ ಮಾಡಿ ಅತ್ತುಬಿಟ್ಟೆ.

“ಆರೂ ಇಲ್ಲೆಯಾ? ನಂಗ ಇಲ್ಲೆಯಾ?” ಎಂದಳು ಅವ್ವೆ. ಯಾರೂ ಇಲ್ಲದಿದ್ದರೇನು, ನಾವಿಲ್ಲವೇ ಎಂದು ಅವಳ ಮಾತು.

ನಮ್ಮಲ್ಲಿ ಸಾವೆಂದರೆ ಹಟ್ಟಿಗೆ ಹಟ್ಟಿಯೇ ಹೊರಡುತ್ತದೆ. ಚಹಾ ಎಲೆ ಕೀಳುವುದನ್ನು ಬಿಟ್ಟು, ಬಿಳಿ ಬಟ್ಟೆಯುಟ್ಟ ಹೆಂಗಸರು, ತಲೆಗೆ ಬಿಳಿ ಸುತ್ತಿದ ಗಂಡಸರು ವ್ಯಾನಿನಿಂದ ಇಳಿದರು. ತಾವೆಂದೂ ಕಂಡಿರದ ಮೇಡಂಗೆ ಹೆಗಲು ಕೊಟ್ಟರು. ಅಷ್ಟು ಜನ ಅವರ ಮನೆಗೆ ಬಂದದ್ದು ಅದೇ ಮೊದಲು.